ಕಾಂಪೋ ಪೊಟ್ಟಣ ಒಡೆಯುವ ಮುನ್ನ: ಮಾಡಬೇಕಾದ್ದು, ಮಾಡಬಾರದ್ದು

ಜಪಾನಿನಲ್ಲಿ ನೆಲೆಸಿರುವ ಕನ್ನಡಿಗರಿಗೆ, ಅಲ್ಲಿಂದ ರಜಕ್ಕೆ ಬರುವ ಮಗ, ಸೊಸೆ, ಅಳಿಯನ ಕೈಯಲ್ಲಿ ಔಷಧಿ ತರಿಸಿಕೊಳ್ಳುವವರಿಗೆ, ‘ರೋಗನಿರೋಧಕ ಶಕ್ತಿ ಹೆಚ್ಚುತ್ತದಂತೆ’ ಎಂದು ಆನ್‌ಲೈನಿನಲ್ಲಿ ಕೊಳ್ಳಲು ಹೊರಟವರಿಗೆ ಈ ಸೂಚನೆ.

ಕಾಂಪೋ ಎಂದರೆ ಜಪಾನಿನ ಪಾರಂಪರಿಕ ಗಿಡಮೂಲಿಕೆ ವೈದ್ಯಪದ್ಧತಿ. ಬೇರು ಚೀನಾದ್ದು, ಬೆಳೆದದ್ದು ಜಪಾನಿನಲ್ಲಿ. ಇಂದಿಗೂ ಬಳಕೆಯಲ್ಲಿರುವ ಹಲವು ಮಿಶ್ರಣಗಳು ಕ್ರಿ.ಶ. 200ರ ಆಸುಪಾಸಿನಲ್ಲಿ ಚೀನಾದ ವೈದ್ಯ ಝಾಂಗ್ ಝೋಂಗ್‌ಜಿಂಗ್ ಜ್ವರಗಳ ಬಗ್ಗೆ ಬರೆದಿಟ್ಟ ಗ್ರಂಥದಿಂದ ಬಂದವು. ಹಾಗೆಂದು ಇದನ್ನು ಮನೆಮದ್ದಿನ ಸಾಲಿಗೆ ಸೇರಿಸಬೇಡಿ. ಜಪಾನಿನ ರಾಷ್ಟ್ರೀಯ ಆರೋಗ್ಯ ವಿಮೆಯ ಪಟ್ಟಿಯಲ್ಲಿ 148 ಕಾಂಪೋ ಔಷಧಿಗಳಿವೆ. ಕಾಂಪೋಗೆಂದೇ ಪ್ರತ್ಯೇಕ ವೈದ್ಯ ಪರವಾನಗಿ ಬೇಕೆಂಬ ಮಸೂದೆಯನ್ನು ಅಲ್ಲಿನ ಸಂಸತ್ತು 1895ರಲ್ಲೇ ತಳ್ಳಿಹಾಕಿತು. ನಮ್ಮ ಬಿಎಎಂಎಸ್‌ನಂಥ ಬೇರೆ ಪದವಿ ಅಲ್ಲಿಲ್ಲ. ಶಸ್ತ್ರಚಿಕಿತ್ಸೆ ಮಾಡುವ, ಆ್ಯಂಟಿಬಯಾಟಿಕ್ ಬರೆಯುವ ಅದೇ ಡಾಕ್ಟರೇ ಕಾಂಪೋವನ್ನೂ ಬರೆಯುತ್ತಾರೆ. ಔಷಧಿ ಅಂಗಡಿಯಲ್ಲಿ ಸಿಗುವುದು ಕುದಿಸಿದ ಕಷಾಯವಲ್ಲ. ಕಷಾಯವನ್ನು ಒಣಗಿಸಿ ಮಾಡಿದ ಕಂದು ಬಣ್ಣದ ಹರಳು, ಸಾಮಾನ್ಯವಾಗಿ 2.5 ಗ್ರಾಂನ ಸಣ್ಣ ಪೊಟ್ಟಣಗಳಲ್ಲಿ. ಪೊಟ್ಟಣದ ಮೇಲೊಂದು ಸಂಖ್ಯೆ ಇರುತ್ತದೆ. ತ್ಸುಮುರಾ ಕಂಪನಿಯ ಪೊಟ್ಟಣವಾದರೆ 1 ಅಂದರೆ ಕಕ್ಕೊಂತೋ, 9 ಅಂದರೆ ಶೋಸಾಯಿಕೋತೋ, 41 ಅಂದರೆ ಹೋಚ್ಯೂಎಕ್ಕಿತೋ.

ಆ ಸಂಖ್ಯೆಗಳ ಹಿಂದಿನ ಔಷಧಿಗಳಲ್ಲಿ ಹಲವು ನಮ್ಮ ರೋಗನಿರೋಧಕ ವ್ಯವಸ್ಥೆಯನ್ನು ನಿಜಕ್ಕೂ ಮುಟ್ಟುತ್ತವೆ. ಎಚ್ಚರಿಕೆ ಬೇಕಾಗಿರುವುದು ಅದಕ್ಕೇ.

ಮಾಡಬಾರದ್ದು

‘ಇಮ್ಯೂನಿಟಿ ಬೂಸ್ಟರ್’ ಎಂದು ಯಾವ ಕಾಂಪೋವನ್ನೂ ಕುಡಿಯಬೇಡಿ. ರೋಗನಿರೋಧಕ ವ್ಯವಸ್ಥೆ ಹೆಚ್ಚಿದಷ್ಟೂ ಒಳ್ಳೆಯದೆಂಬ ಮಾತು ಕೊರೊನಾ ಕಾಲದಿಂದ ನಮ್ಮಲ್ಲಿ ಮನೆಮಾತಾಗಿದೆ. ಅದು ಶುದ್ಧ ತಪ್ಪು. ಅದೇ ವ್ಯವಸ್ಥೆ ಮಿತಿಮೀರಿ ಕೆಲಸ ಮಾಡಿದಾಗ ಬರುವುದೇ ಅಲರ್ಜಿ, ಆಸ್ತಮಾ. ದಾರಿ ತಪ್ಪಿ ತನ್ನ ಮೈಯನ್ನೇ ಪರಕೀಯವೆಂದು ಬಗೆದಾಗ ಬರುವುದು ಸಂಧಿವಾತ, ಲೂಪಸ್. ಬಹಳಷ್ಟು ಸಲ ವೈದ್ಯರ ಕೆಲಸ ಅದನ್ನು ಏರಿಸುವುದಲ್ಲ, ತಣ್ಣಗಿಡುವುದು. ಕಾಂಪೋ ಔಷಧಿಗಳೂ ಎಲ್ಲವೂ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವುದಿಲ್ಲ. ಶೋಸೇರ್ಯೂತೋ ಎಂಬ 19ನೇ ಸಂಖ್ಯೆಯ ಔಷಧಿಯನ್ನು ಕೊಡುವುದು ನೀರಿನಂತೆ ಮೂಗು ಸುರಿಯುವ ಅಲರ್ಜಿಗೆ, ಅಂದರೆ ಅತಿಯಾದ ಪ್ರತಿಕ್ರಿಯೆಯನ್ನು ಇಳಿಸಲಿಕ್ಕೆ. ಇನ್ನೂರಕ್ಕೂ ಹೆಚ್ಚು ರೋಗಿಗಳ ಮೇಲೆ ಹುಸಿಮದ್ದಿನ ಜೊತೆ ಹೋಲಿಸಿ ನಡೆಸಿದ ಜಪಾನಿ ಪರೀಕ್ಷೆಯಲ್ಲಿ ಅದಕ್ಕೆ ಒಳ್ಳೆಯ ಫಲವೇ ಬಂತು. ಹೋಚ್ಯೂಎಕ್ಕಿತೋ, ಜೂಜೆನ್‌ತಾಯ್‌ಹೋತೋ ಎಂಬ 41 ಮತ್ತು 48ನೇ ಸಂಖ್ಯೆಯವು ಇದಕ್ಕೆ ತದ್ವಿರುದ್ಧ. ದೀರ್ಘ ಕಾಯಿಲೆಯಿಂದ, ಶಸ್ತ್ರಚಿಕಿತ್ಸೆಯಿಂದ ಬಳಲಿ ಬೆಂಡಾದವರಿಗೆ, ಊಟ ಸೇರದವರಿಗೆ ಇವು. ಒಂದರ ಜಾಗದಲ್ಲಿ ಇನ್ನೊಂದನ್ನು ಕುಡಿಯುವಂತಿಲ್ಲ.

ನಮ್ಮದೇ ಅಮೃತಬಳ್ಳಿಯ ಕಥೆ ಇಲ್ಲಿ ನೆನಪಿರಲಿ. ಕೊರೊನಾ ಕಾಲದಲ್ಲಿ ಅದರ ಕಷಾಯ ಕುಡಿದ ಆರು ಮಂದಿಯಲ್ಲಿ ಯಕೃತ್ತಿಗೆ ಪೆಟ್ಟಾದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಕಂಡದ್ದು ಮೈ ತನ್ನ ಯಕೃತ್ತಿನ ಮೇಲೆ ತಾನೇ ತಿರುಗಿಬಿದ್ದಂಥ ಉರಿಯೂತ. ಆಯುಷ್ ಸಚಿವಾಲಯ ಆ ವರದಿಯನ್ನು ಒಪ್ಪಲಿಲ್ಲ, ವಾದ ಇನ್ನೂ ಇದೆ. ಆದರೂ ‘ಗಿಡಮೂಲಿಕೆ ತಾನೇ, ಏನಾಗುತ್ತೆ’ ಎಂದು ಲೋಟಗಟ್ಟಲೆ ಕುಡಿಯುವವರು ಒಮ್ಮೆ ನಿಂತು ಯೋಚಿಸಲಿಕ್ಕೆ ಅಷ್ಟು ಸಾಕು.

ಇಲಿಯ ಫಲಿತಾಂಶವನ್ನು ನಿಮ್ಮ ಚೀಟಿ ಮಾಡಿಕೊಳ್ಳಬೇಡಿ. ಜೂಜೆನ್‌ತಾಯ್‌ಹೋತೋ ಕೊಟ್ಟ ಇಲಿಗಳಲ್ಲಿ ರೋಗಾಣು ನುಂಗುವ ಕಣಗಳು ಚುರುಕಾದವು, ಗಡ್ಡೆಗಳನ್ನು ಕೊಲ್ಲುವ ಕಣಗಳು ಹುರುಪಾದವು ಎಂಬ ಪ್ರಬಂಧಗಳು ಸಾಕಷ್ಟಿವೆ. ಸುಳ್ಳಲ್ಲ. ಆದರೆ ಇಲಿ ಮನುಷ್ಯನಲ್ಲ. ಬಟ್ಟಲಿನ ಪ್ರಯೋಗಗಳಂತೂ ಇನ್ನೂ ದೂರ: ಪ್ರಯೋಗಾಲಯದ ಬಟ್ಟಲಿನಲ್ಲಿ ಕಣಗಳ ಮೇಲೆ ನೇರವಾಗಿ ಕಷಾಯ ಸುರಿದು ನೋಡುವುದೇ ಬೇರೆ, ಬಾಯಿಂದ ನುಂಗುವುದೇ ಬೇರೆ. ಬಟ್ಟಲಿಗೆ ಬಿದ್ದ ಸಾರದಲ್ಲಿ ಬ್ಯಾಕ್ಟೀರಿಯಾದ ಚೂರುಪಾರು ಸೇರಿಕೊಂಡಿದ್ದರೂ ಸಾಕು, ಆ ಕಣಗಳು ಎದ್ದು ಕೂರುತ್ತವೆ. ಆಗ ಹೆಸರು ಗಿಡಕ್ಕೆ, ಕೆಲಸ ಕೊಳೆಯದು. ಇನ್ನು ನುಂಗಿದ್ದು ಹಾಗೇ ರಕ್ತಕ್ಕೆ ಹೋಗುವುದೂ ಇಲ್ಲ. ಜೇಷ್ಠಮಧುವಿನ ಗ್ಲಿಸಿರೈಜಿನ್ ಆಗಲಿ, ಸ್ಕುಟೆಲ್ಲೇರಿಯಾ ಬೇರಿನ ಬೈಕಾಲಿನ್ ಆಗಲಿ, ನಮ್ಮ ಕರುಳಿನ ಬ್ಯಾಕ್ಟೀರಿಯಾಗಳು ಅವುಗಳ ಸಕ್ಕರೆಯ ಕೊಂಡಿಯನ್ನು ಕಳಚಿದ ಮೇಲೆಯೇ ಹೆಚ್ಚಾಗಿ ಒಳಗೆ ಹೀರಿಕೆಯಾಗುತ್ತವೆ. ಆ ಬ್ಯಾಕ್ಟೀರಿಯಾಗಳು ನಿಮ್ಮಲ್ಲಿರುವಷ್ಟೇ ಪಕ್ಕದ ಮನೆಯವರಲ್ಲಿರುವುದಿಲ್ಲ, ಆ್ಯಂಟಿಬಯಾಟಿಕ್ ನುಂಗಿದ ವಾರ ನಿಮ್ಮಲ್ಲೇ ಇರುವುದಿಲ್ಲ. ಒಂದೇ ಪೊಟ್ಟಣ ಒಬ್ಬರಿಗೆ ಹಿಡಿದು ಇನ್ನೊಬ್ಬರಿಗೆ ಏನೂ ಮಾಡದೆ ಹೋಗುವುದಕ್ಕೆ ಇದೂ ಒಂದು ಕಾರಣ.

ಶೋಸಾಯಿಕೋತೋವನ್ನು ಸ್ವಂತ ನಿರ್ಧಾರದ ಮೇಲೆ ಮುಟ್ಟಲೇಬೇಡಿ. ಈ ಸೂಚನೆಯಲ್ಲಿ ಒಂದೇ ಒಂದು ಮಾತು ಉಳಿಯುವುದಾದರೆ ಇದು ಉಳಿಯಲಿ. ಏಳು ಮೂಲಿಕೆಗಳ ಮಿಶ್ರಣ ಇದು: ಬುಪ್ಲೂರಮ್, ಪಿನೆಲಿಯಾ, ಸ್ಕುಟೆಲ್ಲೇರಿಯಾ, ಜಿನ್‌ಸೆಂಗ್, ಎಲಚಿ ಜಾತಿಯ ಹಣ್ಣು, ಜೇಷ್ಠಮಧು, ಶುಂಠಿ. 1980ರ ದಶಕದ ಜಪಾನಿನಲ್ಲಿ ದೀರ್ಘಕಾಲದ ಹೆಪಟೈಟಿಸ್ ಇದ್ದವರಿಗೆ ಇದನ್ನು ಧಾರಾಳವಾಗಿ ಬರೆದುಕೊಡುತ್ತಿದ್ದರು. ರೋಗನಿರೋಧಕ ಪ್ರತಿಕ್ರಿಯೆಯನ್ನು ಹದಗೊಳಿಸಿ ಯಕೃತ್ತನ್ನು ಕಾಯುತ್ತದೆ ಎಂಬ ನಂಬಿಕೆ. ಆ ಹೊತ್ತಿಗೆ ಇಂಟರ್‌ಫೆರಾನ್ ಚುಚ್ಚುಮದ್ದೂ ಬಂತು. ಅದೂ ರೋಗನಿರೋಧಕ ವ್ಯವಸ್ಥೆಯನ್ನೇ ಕೆಣಕುವಂಥದ್ದು. ಎರಡನ್ನೂ ಒಟ್ಟಿಗೆ ಕೊಡತೊಡಗಿದರು.

1989ರಲ್ಲಿ ಶೋಸಾಯಿಕೋತೋ ತೆಗೆದುಕೊಂಡ ರೋಗಿಯೊಬ್ಬರಿಗೆ ಶ್ವಾಸಕೋಶದ ಉರಿಯೂತ ಬಂದ ವರದಿ ಪ್ರಕಟವಾಯಿತು. ಇದು ಕಫ ಕಟ್ಟುವ ಸಾಮಾನ್ಯ ನ್ಯುಮೋನಿಯಾ ಅಲ್ಲ. ಗಾಳಿಚೀಲಗಳ ನಡುವಿನ ತೆಳು ಗೋಡೆಗಳೇ ಊದಿ ದಪ್ಪವಾಗುವ ರೋಗ, ಎಳೆದುಕೊಂಡ ಉಸಿರಿನಿಂದ ಆಮ್ಲಜನಕ ರಕ್ತಕ್ಕೆ ದಾಟುವುದೇ ಕಷ್ಟವಾಗುತ್ತದೆ. ಒಂದೊಂದಾಗಿ ಪ್ರಕರಣಗಳು ಸೇರುತ್ತ ಹೋದವು. 1994ರಲ್ಲಿ ಇಂಟರ್‌ಫೆರಾನ್ ಜೊತೆ ಕೊಡುವುದನ್ನು ನಿಷೇಧಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. 1996ರ ಮಾರ್ಚ್‌ನಲ್ಲಿ ಸರ್ಕಾರ ತುರ್ತು ಎಚ್ಚರಿಕೆ ಹೊರಡಿಸಿದಾಗ ಲೆಕ್ಕಕ್ಕೆ ಸಿಕ್ಕಿದ್ದು 88 ಪ್ರಕರಣ, 10 ಸಾವು. ಇಂಟರ್‌ಫೆರಾನ್ ತೆಗೆದುಕೊಳ್ಳದವರೂ ಅದರಲ್ಲಿದ್ದರು. 2000ದಲ್ಲಿ ಇನ್ನೂ ಬಿಗಿ: ಸಿರೋಸಿಸ್ ಇದ್ದವರಿಗೆ, ಯಕೃತ್ತಿನ ಕ್ಯಾನ್ಸರ್ ಇದ್ದವರಿಗೆ, ಹೆಪಟೈಟಿಸ್‌ನಿಂದ ಪ್ಲೇಟ್‌ಲೆಟ್ ಒಂದು ಲಕ್ಷಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದವರಿಗೆ ಕೊಡಲೇಬಾರದು.

ವಿಪರ್ಯಾಸ ನೋಡಿ. ಅದಕ್ಕೆ ಐದೇ ವರ್ಷ ಮುಂಚೆ, 1995ರಲ್ಲಿ, ಇದೇ ಶೋಸಾಯಿಕೋತೋ ಸಿರೋಸಿಸ್ ರೋಗಿಗಳಲ್ಲಿ ಕ್ಯಾನ್ಸರ್ ಬರುವುದನ್ನು ತಡೆಯಬಹುದು ಎಂಬ ಆಸೆ ಹುಟ್ಟಿಸುವ ಅಧ್ಯಯನವನ್ನು ಒಸಾಕಾದ ವೈದ್ಯರು 260 ರೋಗಿಗಳ ಮೇಲೆ ನಡೆಸಿ ಪ್ರಕಟಿಸಿದ್ದರು. ಯಾರಿಗೆ ವರವಾಗಬಹುದು ಎಂದುಕೊಂಡಿದ್ದರೋ ಅವರಿಗೇ ಬಾಗಿಲು ಮುಚ್ಚಬೇಕಾಯಿತು. ತಪ್ಪಿತಸ್ಥ ಯಾರು? ಸಂಶಯ ಹೆಚ್ಚಾಗಿ ಸ್ಕುಟೆಲ್ಲೇರಿಯಾ ಬೇರಿನ ಮೇಲಿದೆ. ಜಪಾನಿ ಭಾಷೆಯಲ್ಲಿ ಅದು ಓಗೋನ್. ರೋಗಿಗಳ ಲಿಂಫೋಸೈಟ್‌ಗಳು ಔಷಧಿಯನ್ನು ಶತ್ರುವೆಂದು ಗುರುತಿಸಿ ಶ್ವಾಸಕೋಶದಲ್ಲಿ ಜಮಾಯಿಸಿದ್ದು ಪರೀಕ್ಷೆಗಳಲ್ಲಿ ಕಂಡಿದೆ. ವಿಷದ ಪ್ರಮಾಣ ಹೆಚ್ಚಾಗಿ ಆದದ್ದಲ್ಲ ಇದು, ಅಲರ್ಜಿಯ ಬಗೆಯದು. ಆದ್ದರಿಂದ ‘ನಾನು ಸ್ವಲ್ಪವೇ ತಗೊಂಡೆ’ ಎಂಬ ಸಮಾಧಾನ ಇಲ್ಲಿ ನಡೆಯದು.

ಶೀತಕ್ಕೆ ಎರಡು ಕಾಂಪೋ ಒಟ್ಟಿಗೆ ನುಂಗಬೇಡಿ. ಲೆಕ್ಕ ಹಾಕಿ ನೋಡಿ. ಮೈಕೈ ನೋವಿಗೆ ಕಕ್ಕೊಂತೋ, ಸುರಿಯುವ ಮೂಗಿಗೆ ಶೋಸೇರ್ಯೂತೋ, ರಾತ್ರಿ ಕಾಲಿನ ಮೀನಖಂಡ ಹಿಡಿದುಕೊಂಡಿತೆಂದು ಶಕುಯಾಕುಕಾನ್‌ಜೋತೋ. ಮೂರೂ ಬೇರೆ ಬೇರೆ ಔಷಧಿಗಳಂತೆ ಕಾಣುತ್ತವೆ. ಆದರೆ ಮೊದಲನೆಯದರ ದಿನದ ಡೋಸಿನಲ್ಲಿ 2 ಗ್ರಾಂ ಜೇಷ್ಠಮಧು, ಎರಡನೆಯದರಲ್ಲಿ 3, ಮೂರನೆಯದರಲ್ಲಿ 6. ಒಟ್ಟು 11 ಗ್ರಾಂ. ದಿನಕ್ಕೆ 2.5 ಗ್ರಾಂ ಮುಟ್ಟಿದರೇ ಪೊಟಾಶಿಯಂ ಕಡಿಮೆ ಇರುವವರಿಗೆ ಕೊಡಬಾರದೆಂದು ಜಪಾನಿನ ನಿಯಮ ಇದೆ. ಕಾಂಪೋ ಔಷಧಿಗಳಲ್ಲಿ ಸುಮಾರು 100ಕ್ಕೆ 70ರಲ್ಲಿ ಈ ಜೇಷ್ಠಮಧು ಇದ್ದೇ ಇದೆ.

ಅದು ಮಾಡುವ ಚೇಷ್ಟೆ ಹೀಗೆ. ನಮ್ಮ ಮೈ ತಾನೇ ತಯಾರಿಸುವ ಕಾರ್ಟಿಸಾಲ್ ಎಂಬ ಸ್ಟೀರಾಯ್ಡನ್ನು ಮೂತ್ರಪಿಂಡದಲ್ಲಿ ನಿಷ್ಕ್ರಿಯಗೊಳಿಸುವ ಒಂದು ಕಿಣ್ವವಿದೆ. ಜೇಷ್ಠಮಧು ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಆಗ ಕಾರ್ಟಿಸಾಲ್ ಅಲ್ಲಿ ಉಪ್ಪು ಹಿಡಿದಿಡುವ ಹಾರ್ಮೋನಿನಂತೆ ವರ್ತಿಸುತ್ತದೆ. ಉಪ್ಪು, ನೀರು ಮೈಯಲ್ಲೇ ಉಳಿದು ಬಿಪಿ ಏರುತ್ತದೆ, ಕಾಲು ಊದಿಕೊಳ್ಳುತ್ತದೆ. ಪೊಟಾಶಿಯಂ ಮೂತ್ರದಲ್ಲಿ ಹರಿದು ಹೋಗುತ್ತದೆ, ತೊಡೆ ತೋಳುಗಳ ಬಲ ಉಡುಗುತ್ತದೆ, ಹೃದಯದ ಬಡಿತ ತಪ್ಪಬಹುದು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ಅಪ್ಪ ಅಮ್ಮಂದಿರಿಗೆ, ಸ್ಟೀರಾಯ್ಡ್ ಮೇಲಿರುವವರಿಗೆ ಪೊಟಾಶಿಯಂ ಆಗಲೇ ಇಳಿಮುಖವಾಗಿರುತ್ತದೆ. ಅವರಿಗೆ ಅಪಾಯ ದುಪ್ಪಟ್ಟು. ಮನೆಯಲ್ಲಿ ಕೆಮ್ಮಿಗೆಂದು ಜೇಷ್ಠಮಧುವಿನ ಕಡ್ಡಿ ಅಗಿಯುವ ಅಭ್ಯಾಸವಿದ್ದರೆ, ಅತಿಮಧುರ ಹಾಕಿದ ಕಷಾಯಪುಡಿ ಬಳಸುತ್ತಿದ್ದರೆ ಅದನ್ನೂ ಈ ಲೆಕ್ಕಕ್ಕೆ ಸೇರಿಸಿ. ಗಿಡ ಅದೇ ಜಾತಿಯದು.

ಎಫಿಡ್ರಾ ಇರುವ ಔಷಧಿಯನ್ನು ಹೃದ್ರೋಗಿಗೆ ಕೊಡಬೇಡಿ. ಕಕ್ಕೊಂತೋ, ಮಾವೋತೋ, ಶೋಸೇರ್ಯೂತೋ ಮೂರರಲ್ಲೂ ಎಫಿಡ್ರಾ ಕಡ್ಡಿ ಇದೆ. ನಾಗಾಯಿ ನಾಗಾಯೋಶಿ ಎಂಬ ಜಪಾನಿ ರಸಾಯನಶಾಸ್ತ್ರಜ್ಞ 1885ರಲ್ಲಿ ಎಫಿಡ್ರಿನ್ ಬೇರ್ಪಡಿಸಿದ್ದು ಈ ಗಿಡದಿಂದಲೇ. ಎದೆ ಬಡಿತ ಏರುತ್ತದೆ, ನಿದ್ದೆ ಬಾರದು, ಬಿಪಿ ಹೆಚ್ಚುತ್ತದೆ. ಪ್ರಾಸ್ಟೇಟ್ ದಪ್ಪವಾಗಿರುವ ಹಿರಿಯರಿಗೆ ಮೂತ್ರ ಕಟ್ಟಿಕೊಳ್ಳಬಹುದು. ಥೈರಾಯ್ಡ್ ಏರಿರುವವರಿಗೂ ಬೇಡ. ಆಸ್ತಮಾಕ್ಕೆ ಥಿಯೋಫಿಲಿನ್ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಮುಟ್ಟಬಾರದು. ಪಂದ್ಯಕ್ಕೆ ಇಳಿಯುವ ಕ್ರೀಡಾಪಟುಗಳಂತೂ ದೂರವೇ ಇರಬೇಕು, ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ.

ಹೊಟ್ಟೆ ಕರಗಿಸಲು ಬೋಫುತ್ಸುಶೋಸಾನ್ ಕೊಳ್ಳಬೇಡಿ. ಜಪಾನಿನ ಔಷಧಿ ಅಂಗಡಿಗಳಲ್ಲಿ ಬೊಜ್ಜಿನ ಚಿತ್ರದೊಂದಿಗೆ ಚೀಟಿಯಿಲ್ಲದೆ ಸಿಗುತ್ತದೆ, ಪ್ರವಾಸಿಗರು ಕೈತುಂಬ ತರುತ್ತಾರೆ. ಅದರ 18 ಘಟಕಗಳಲ್ಲಿ ಎಫಿಡ್ರಾ, ಜೇಷ್ಠಮಧು, ಸ್ಕುಟೆಲ್ಲೇರಿಯಾ ಮೂರೂ ಇವೆ, ಸಾಲದ್ದಕ್ಕೆ ಭೇದಿಯ ಮೂಲಿಕೆಯೂ. ಮೇಲೆ ಹೇಳಿದ ಎಲ್ಲ ತಕರಾರುಗಳೂ ಒಂದೇ ಡಬ್ಬಿಯಲ್ಲಿ.

ಅಂಗಾಂಗ ಕಸಿ ಮಾಡಿಸಿಕೊಂಡವರು, ಸಂಧಿವಾತ ಅಥವಾ ಲೂಪಸ್‌ಗೆ ಚಿಕಿತ್ಸೆಯಲ್ಲಿರುವವರು, ಕ್ಯಾನ್ಸರಿಗೆ ಇಮ್ಯುನೋಥೆರಪಿ ಪಡೆಯುತ್ತಿರುವವರು ತಜ್ಞರ ಒಪ್ಪಿಗೆಯಿಲ್ಲದೆ ಒಂದು ಪೊಟ್ಟಣವನ್ನೂ ಒಡೆಯಬಾರದು. ಇದಕ್ಕೆ ರಿಯಾಯಿತಿ ಇಲ್ಲ.

ಮಾಡಬೇಕಾದ್ದು

ಔಷಧಿ ಪುಸ್ತಕ ಇಟ್ಟುಕೊಳ್ಳಿ. ಜಪಾನಿನ ಔಷಧಿ ಅಂಗಡಿಯಲ್ಲಿ ‘ಒಕುಸುರಿ ತೆಚೋ’ ಎಂಬ ಪುಟ್ಟ ಪುಸ್ತಕ ಕೊಡುತ್ತಾರೆ. ಯಾವ ಡಾಕ್ಟರು ಏನು ಬರೆದರು ಎಂಬುದರ ಚೀಟಿಯನ್ನು ಅದರಲ್ಲಿ ಅಂಟಿಸುತ್ತ ಹೋಗುತ್ತಾರೆ. ನಮ್ಮವರು ಅದನ್ನು ಡ್ರಾಯರಿನೊಳಗೆ ಎಸೆದು ಮರೆಯುವುದೇ ಹೆಚ್ಚು. ಮರೆಯಬೇಡಿ. ಊರಿಂದ ತಂದ ಆಯುರ್ವೇದದ ಮಾತ್ರೆ, ಲೇಹ್ಯ, ಚೂರ್ಣದ ಹೆಸರನ್ನೂ ಅದರಲ್ಲೇ ಬರೆಯಿರಿ, ಫಾರ್ಮಸಿಸ್ಟ್‌ಗೆ ತೋರಿಸಿ. ಜೇಷ್ಠಮಧು ಎರಡೆರಡು ಕಡೆಯಿಂದ ಬರುತ್ತಿದ್ದರೆ ಮೊದಲು ಹಿಡಿಯುವವರು ಅವರೇ.

ಕಕ್ಕೊಂತೋ ಕುಡಿಯುವುದಾದರೆ ಮೊದಲ ದಿನವೇ ಕುಡಿಯಿರಿ. ಅದು ನೆಗಡಿಯ ಆರಂಭದ ಮದ್ದು: ಚಳಿ, ಕತ್ತಿನ ಹಿಂಭಾಗ ಬಿಗಿತ, ಬೆವರು ಇನ್ನೂ ಬಂದಿಲ್ಲ, ಹೀಗಿರುವಾಗ. ಊಟಕ್ಕೆ ಮುಂಚೆ ಬಿಸಿನೀರಿನಲ್ಲಿ ಕದಡಿ ಕುಡಿದು, ಹೊದ್ದು ಮಲಗಿ, ಮೈ ತುಸು ಬೆವರಲಿ ಎಂಬುದು ಹಳೆಯ ಕ್ರಮ. ಬೆವರಿ ಸುಸ್ತಾದವರಿಗೆ, ಮೊದಲೇ ಬಳಲಿದವರಿಗೆ ಇದು ಸಲ್ಲದು. ಕಾಂಪೋ ವೈದ್ಯರು ‘ಶೋ’ ಎಂದು ಕರೆಯುವುದು ಇದನ್ನೇ. ಬರೀ ರೋಗದ ಹೆಸರಲ್ಲ, ರೋಗಿಯ ಆ ಹೊತ್ತಿನ ಸ್ಥಿತಿ ನೋಡಿ ಮದ್ದು ಆರಿಸುವುದು. ಅದಕ್ಕೆ ಅವರು ನಾಡಿಯ ಜೊತೆ ಹೊಟ್ಟೆಯನ್ನೂ ಒತ್ತಿ ನೋಡುತ್ತಾರೆ, ಗಾಬರಿಯಾಗಬೇಡಿ. ಯಾವ ಕಾಯಿಲೆಗೂ ಕಕ್ಕೊಂತೋ ಕೊಟ್ಟು, ಕೊನೆಗೆ ರೋಗಿಯ ಜೊತೆ ಸುಮ್ಮನೆ ಬಂದವನಿಗೂ ಒಂದು ಲೋಟ ಕುಡಿಸುವ ವೈದ್ಯನ ನಗೆಕಥೆ ಜಪಾನಿನ ರಾಕುಗೋ ಕಥೆಗಾರರಲ್ಲಿ ಬಹಳ ಹಳೆಯದು. ನಮ್ಮ ಮನೆಗಳಲ್ಲೂ ಅಂಥ ವೈದ್ಯರು ಒಬ್ಬಿಬ್ಬರು ಇರುತ್ತಾರೆ.

ಅಂದಹಾಗೆ ನಿರೀಕ್ಷೆಯನ್ನು ಅಳತೆಯಲ್ಲಿಡಿ. ಕಕ್ಕೊಂತೋವನ್ನು ಮಾಮೂಲಿ ನೆಗಡಿ ಮಾತ್ರೆಯ ಜೊತೆ ಹೋಲಿಸಿದ ಜಪಾನಿ ಪರೀಕ್ಷೆಯಲ್ಲಿ ನೆಗಡಿ ಉಲ್ಬಣಿಸುವುದನ್ನು ತಡೆಯುವುದರಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಇನ್‌ಫ್ಲುಯೆಂಜಾಕ್ಕೆ ಮಾವೋತೋ ಕೊಟ್ಟ ಸಣ್ಣ ಪರೀಕ್ಷೆಗಳಲ್ಲಿ ಜ್ವರ ಬೇಗ ಇಳಿದದ್ದುಂಟು, ಆದರೆ ಅವು ಸಣ್ಣವೇ. ಲಸಿಕೆಯ ಬದಲಿಗೆ ಪೊಟ್ಟಣ ಎಂಬ ಲೆಕ್ಕಾಚಾರ ಯಾರೂ ಹಾಕಬಾರದು.

ಒಣ ಕೆಮ್ಮು, ಜ್ವರ, ಮೆಟ್ಟಿಲು ಹತ್ತುವಾಗ ಏದುಸಿರು: ಕಾಂಪೋ ಶುರುಮಾಡಿದ ಮೇಲೆ ಈ ಮೂರರಲ್ಲಿ ಯಾವುದು ಹೊಸದಾಗಿ ಬಂದರೂ ಆ ಕ್ಷಣ ಔಷಧಿ ನಿಲ್ಲಿಸಿ, ಅದೇ ದಿನ ಆಸ್ಪತ್ರೆಗೆ ಹೋಗಿ, ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ತೊಂದರೆ ಇಲ್ಲಿಯೇ ಇದೆ. ನೆಗಡಿ ಕೆಮ್ಮಿಗೆಂದು ತೆಗೆದುಕೊಂಡ ಔಷಧಿಯಿಂದಲೇ ಕೆಮ್ಮು ಬಂದರೆ, ಕಾಯಿಲೆ ಇನ್ನೂ ಹೋಗಿಲ್ಲ ಎಂದುಕೊಂಡು ಜನ ಇನ್ನೊಂದು ಪೊಟ್ಟಣ ಒಡೆಯುತ್ತಾರೆ. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ತುರಿಕೆಯ ಗಂಧೆ ಎದ್ದರೆ, ಕಾಲು ಊದಿದರೆ ಅಥವಾ ಕೂತಲ್ಲಿಂದ ಏಳಲು ಬಲವಿಲ್ಲದಂತಾದರೂ ಹೀಗೆಯೇ ಮಾಡಿ.

ತಿಂಗಳುಗಟ್ಟಲೆ ತೆಗೆದುಕೊಳ್ಳುವವರು ಯಕೃತ್ತಿನ ಮತ್ತು ಪೊಟಾಶಿಯಂ ಪರೀಕ್ಷೆ ಮಾಡಿಸಿ, ಮನೆಯಲ್ಲಿ ಬಿಪಿ ನೋಡಿಕೊಳ್ಳಿ. ಗಾರ್ಡೇನಿಯಾ ಕಾಯಿ ಇರುವ ಔಷಧಿಗಳನ್ನು ಐದು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡವರಲ್ಲಿ ಕರುಳಿನ ರಕ್ತನಾಳಗಳು ಗಡುಸಾದ ಪ್ರಕರಣಗಳಿವೆ. ವರ್ಷಗಟ್ಟಲೆ ನಡೆಯುತ್ತಿರುವ ಯಾವ ಕಾಂಪೋವನ್ನೂ ‘ಇದಿನ್ನೂ ಬೇಕೇ?’ ಎಂದು ಡಾಕ್ಟರನ್ನು ಕೇಳಿ.

ಸಸ್ಯಾಹಾರಿಗಳು ಘಟಕಗಳ ಪಟ್ಟಿ ಓದಿಸಿಕೊಳ್ಳಿ. ಗಿಡಮೂಲಿಕೆ ಎಂಬ ಹೆಸರಿದ್ದರೂ ಕೆಲವದರಲ್ಲಿ ಕತ್ತೆಯ ಚರ್ಮದ ಅಂಟು, ಸಿಂಪಿಯ ಚಿಪ್ಪು, ಜೀರುಂಡೆ ಜಾತಿಯ ಕೀಟದ ಪೊರೆ ಇರುತ್ತವೆ. ಶಿಯುನ್ಕೋ ಎಂಬ ಮುಲಾಮಿನಲ್ಲಿ ಹಂದಿಯ ಕೊಬ್ಬಿದೆ. ಹರಳು ಕಟ್ಟಲು ಹಾಲಿನ ಸಕ್ಕರೆ ಬಳಸುವುದೂ ಸಾಮಾನ್ಯ. ಹಾಲು ಒಗ್ಗದವರು ಗಮನಿಸಿ.

ಕೊನೆಯದಾಗಿ, ಅಲ್ಲೇ ಇರುವವರು ಅಲ್ಲೇ ತೋರಿಸಿಕೊಂಡು ಅಲ್ಲೇ ಕೊಳ್ಳಿ. ಮಾನ್ಯತೆ ಪಡೆದ ಔಷಧಿಯನ್ನು ಸರಿಯಾದ ಕ್ರಮದಲ್ಲಿ ತೆಗೆದುಕೊಂಡೂ ಗಂಭೀರ ಅಡ್ಡಪರಿಣಾಮವಾದರೆ ಚಿಕಿತ್ಸೆಯ ಖರ್ಚು, ಅಂಗವೈಕಲ್ಯದ ಪಿಂಚಣಿ ಕೊಡುವ ಪರಿಹಾರ ವ್ಯವಸ್ಥೆ ಜಪಾನಿನಲ್ಲಿ 1980ರಿಂದ ಇದೆ. ಮಾನ್ಯತೆ ಪಡೆದ ಕಾಂಪೋ ಔಷಧಿಗಳೂ ಅದರ ವ್ಯಾಪ್ತಿಯಲ್ಲಿವೆ. ಸ್ವಂತ ಬಳಕೆಗೆಂದು ಹೊರದೇಶದಿಂದ ತರಿಸಿಕೊಂಡ ಔಷಧಿಗೆ ಆ ಪರಿಹಾರ ಸಿಗುವುದಿಲ್ಲ.